ಮಾತು ಬರುವ ತನಕ

ಜೂನ್ 17, ಮಂಗಳವಾರ

ಮಂಡ್ಯ ಬಸ್ ಸ್ಟ್ಯಾಂಡು. ಗಾಡಿ ವಾಪಸ್ ಮಳವಳ್ಳಿಗೆ ಹೊರಡಲು ಇನ್ನೂ ಇಪ್ಪತ್ತೈದು ನಿಮಿಷ ಇದೆ. ಕಂಡಕ್ಟರ್ ಸಿದ್ದೇಶ್ ಟೀಗೆ ಹೋಗಿದ್ದಾನೆ. ಮಗಳ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಹಿಂದಿನ ಹಾಳೆಗಳು ಖಾಲಿ ಉಳಿದಿದ್ದವು. ತಂದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ.

ನಿನ್ನೆ ನಡೆದದ್ದನ್ನು ಯಾರಿಗಾದರೂ ಹೇಳಬೇಕು ಅನ್ನಿಸುತ್ತಿದೆ. ಬಾಯಲ್ಲಿ ಹೇಳಹೊರಟರೆ ಹತ್ತು ನಿಮಿಷ ಬೇಕು. ಅಷ್ಟರೊಳಗೆ ಕೇಳುವವರು ನನ್ನ ಮಾತನ್ನು ತಾವೇ ಮೂರು ಸಲ ಮುಗಿಸಿರುತ್ತಾರೆ, ಮೂರು ಸಲವೂ ತಪ್ಪಾಗಿ. ನನಗೀಗ ಮೂವತ್ತೊಂಬತ್ತು. ಬುದ್ಧಿ ಬಂದಾಗಿನಿಂದ ಉಗ್ಗುತ್ತೇನೆ. ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕು ಎಂದು ಎಲ್ಲರೂ ಹೇಳಿದಾಗ ಡ್ರೈವರ್ ಕೆಲಸಕ್ಕೆ ಹಾಕಿದ್ದು ಅದಕ್ಕೇ. ಸ್ಟೇರಿಂಗ್ ಹಿಡಿದವನನ್ನು ಯಾರೂ ಮಾತಾಡಿಸುವುದಿಲ್ಲ. ಬರೆಯುವಾಗ ನಾನು ಉಗ್ಗುವುದಿಲ್ಲ.

ನಿನ್ನೆ ಸಂಜೆ ನನ್ನ ಹೆಂಡತಿ ಪುಟ್ಟಮಣಿ ಮದ್ದೂರಿನ ಗಾರ್ಮೆಂಟ್ಸ್‌ನಿಂದ ಬಂದು, ಕೈಕಾಲು ತೊಳೆದು, ನಾಗಶ್ರೀಗೆ ತಲೆ ಬಾಚುತ್ತಾ ಕೂತಿದ್ದಳು. ಮಗು ಈಗ ನಾಲ್ಕನೇ ಕ್ಲಾಸು. ಸ್ಕೂಲಿನಲ್ಲಿ ಏನೋ ಆಯಿತಂತೆ, ಹೇಳಲು ಹೊರಟಳು. "ಮ... ಮ... ಮ..." ಅಂತ ಅಲ್ಲೇ ನಿಂತುಹೋಯಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಬಲಗೈಯಲ್ಲಿ ತೊಡೆಗೆ ಬಡಿದುಕೊಂಡಳು. ಮಾತು ಸಿಕ್ಕಿಕೊಂಡಾಗ ನಾನೂ ಹಾಗೇ ತೊಡೆಗೆ ಬಡಿದುಕೊಳ್ಳುತ್ತೇನೆ. ಮೂರ್ನಾಲ್ಕು ವರ್ಷದ ಹಿಂದೆ ಸಣ್ಣದಾಗಿ ಶುರುವಾಗಿತ್ತು. ದೊಡ್ಡವಳಾದರೆ ಹೋಗುತ್ತದೆ ಅಂದುಕೊಂಡಿದ್ದೆವು. ಈ ವರ್ಷ ಹೆಚ್ಚಾಗಿದೆ.

ಮಗು ಆಟಕ್ಕೆ ಓಡಿದ ಮೇಲೆ ನಮ್ಮವ್ವ ಒಲೆ ಮುಂದಿನಿಂದಲೇ ಅಂದಳು: "ಅಪ್ಪನ್ನ ನೋಡಿ ಕಲ್ತವಳೆ ಕಣ್ಲಾ. ದಿನಾ ಕಿವಿಗೆ ಬೀಳ್ತಾ ಇದ್ರೆ ಇನ್ನೇನಾದದು?"

ಆಮೇಲೆ ಪುಟ್ಟಮಣಿ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಾ, ನನ್ನ ಕಡೆ ನೋಡದೆ ಹೇಳಿದಳು: "ಬೇಜಾರ್ ಮಾಡ್ಕಬ್ಯಾಡಿ. ಸ್ವಲ್ಪ ದಿನ ಅವಳ ಮುಂದೆ ಮಾತಾಡದು ಕಮ್ಮಿ ಮಾಡಿ. ಅವಳದು ಸರಿ ಓಗೋ ಗಂಟ."

"ಸರಿ" ಅಂದೆ. ಆ ಮಾತು ಮಾತ್ರ ಎಲ್ಲೂ ತಡೆಯದೆ ಬಂತು.

ಜೂನ್ 20, ಶುಕ್ರವಾರ

ಮಾತಿಲ್ಲದೆ ಅಪ್ಪನ ಕೆಲಸ ಎಷ್ಟು ಮಾಡಬಹುದೋ ಅಷ್ಟನ್ನೂ ಮಾಡುತ್ತಿದ್ದೇನೆ. ನೀರು ಕಾಯಿಸಿ ಕೊಡುತ್ತೇನೆ. ಶೂ ಲೇಸು ಕಟ್ಟುತ್ತೇನೆ. ಬ್ಯಾಗು ಹೊತ್ತು ಸ್ಕೂಲಿನ ಗೇಟಿನವರೆಗೂ ಬಿಡುತ್ತೇನೆ. ಮೊದಲು ಆ ದಾರಿಯುದ್ದಕ್ಕೂ ನಾವಿಬ್ಬರೂ ಏನಾದರೂ ಮಾತಾಡುತ್ತಿದ್ದೆವು. ಇಡೀ ಭೂಮಿಯ ಮೇಲೆ ನಾನು ತೀರಾ ಕಮ್ಮಿ ಉಗ್ಗುತ್ತಿದ್ದದ್ದು ಇವಳ ಮುಂದೆ.

ಇವತ್ತು ಕೇಳಿದಳು, "ಅಪ್ಪ, ನಿಂಗೆ ನಾ... ನಾಳೆ ಡ್ಯೂಟಿ ಎಷ್ಟೊತ್ತಿಗೆ?"

ಆರು ಬೆರಳು ತೋರಿಸಿದೆ. ನನ್ನ ಬೆರಳನ್ನು ನೋಡಿದಳು, ಮುಖ ನೋಡಿದಳು. ಇನ್ನೇನೋ ಬರಬಹುದು ಅಂತ ಕಾದಳು. ಆಮೇಲೆ ಬ್ಯಾಗು ಇಸಿದುಕೊಂಡು ಒಳಗೆ ಹೋದಳು.

ಅವಳ ಒಳ್ಳೆಯದಕ್ಕೇ ತಾನೆ. ಅಭ್ಯಾಸವಾಗುತ್ತದೆ.

ಜೂನ್ 29, ಭಾನುವಾರ

ವಾರದ ರಜೆ. ಜಗಲಿ ಮೇಲೆ ಕೂತು ಬರೆಯುತ್ತಿದ್ದೇನೆ. ನಾಗಶ್ರೀ ಹಿತ್ತಲಲ್ಲಿ ಕಲ್ಲುಗಳನ್ನು ಸಾಲಾಗಿ ಇಟ್ಟುಕೊಂಡು ಸ್ಕೂಲಾಟ ಆಡುತ್ತಿದ್ದಾಳೆ. ಅವಳೇ ಮೇಷ್ಟ್ರು. ಹಾಜರಿ ಕೂಗುತ್ತಿದ್ದಾಳೆ. "ಚಂದನಾ! ಎಸ್ ಸಾರ್. ದೀಪಿಕಾ! ಎಸ್ ಸಾರ್." ಒಂದು ಕಡೆಯೂ ತಡೆಯುತ್ತಿಲ್ಲ, ಕಲ್ಲುಗಳ ಜೊತೆ ನೀರು ಹರಿದ ಹಾಗೆ ಮಾತು. ಆಮೇಲೆ ದಪ್ಪ ಗಂಟಲು ಮಾಡಿಕೊಂಡು "ನಾಗಶ್ರೀ!" ಅಂದಳು. ಉತ್ತರ ಬರಲಿಲ್ಲ. ಇನ್ನೊಂದು ಸಲ ಕರೆದಳು. ಒಂದು ಸಣ್ಣ ಕಲ್ಲನ್ನು ಸಾಲಿನಿಂದ ಎತ್ತಿ ಬೇಲಿ ಹತ್ತಿರ ಇಟ್ಟು ಬಂದಳು. ಮಕ್ಕಳಾಟ.

ಅವ್ವ ಪಕ್ಕ ಬಂದು ಕೂತಳು. "ಆಷಾಢ ಕಳೀಲಿ. ಚಿಕ್ಕಮಾದು ಅತ್ರ ಕರ್ಕಂಡೋಗಿ ಒಂದ್ ಬರೆ ಹಾಕುಸ್ಬುಡ್ತೀನಿ. ನಾಲ್ಗೆ ನರ ಸಡ್ಲಾಯ್ತದೆ."

ನನ್ನ ಕುತ್ತಿಗೆ ಹಿಂದೆ ಅಂಥವು ಎರಡಿವೆ. ಏಳು ವರ್ಷದವನಿದ್ದಾಗ ಚಿಕ್ಕಮಾದುವಿನ ಅಪ್ಪ ಕಾದ ಕಬ್ಬಿಣದ ಕಡ್ಡಿಯಲ್ಲಿ ಎಳೆದದ್ದು. ಅವ್ವನೇ ಕೈ ಹಿಡಿದುಕೊಂಡಿದ್ದಳು. ನಾಲಿಗೆಯ ನರ ಸಡಿಲವಾಗಲಿಲ್ಲ. ಅದಾದ ಮೇಲೆ ಆರು ತಿಂಗಳು ನಾನು ಬಾಯೇ ಬಿಡಲಿಲ್ಲವಂತೆ. ಗುಣವಾಯಿತು ಅಂದುಕೊಂಡರಂತೆ.

ತಲೆ ಅಡ್ಡಡ್ಡ ಆಡಿಸಿದೆ. ಅವ್ವ ಅಷ್ಟೊತ್ತಿಗೆ ಬೀದಿಯಲ್ಲಿ ಹೋಗುತ್ತಿದ್ದವರನ್ನು ಮಾತಾಡಿಸುತ್ತಿದ್ದಳು.

ಜುಲೈ 9, ಬುಧವಾರ

ಮನೆ ಶಾಂತವಾಗಿದೆ. ಮಗಳ ಉಗ್ಗು ಕಮ್ಮಿಯಾಗಿದೆ ಅಂತ ಅವ್ವ ಅಂದಳು. ಕಮ್ಮಿಯಾಗಿರುವುದು ಮಾತು. ಪುಟ್ಟಮಣಿಗೂ ಅದು ಗೊತ್ತಾಗಿರಬೇಕು. ಇಬ್ಬರೂ ಆ ವಿಷಯ ಎತ್ತಲಿಲ್ಲ.

ಜುಲೈ 17, ಗುರುವಾರ

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಮಧ್ಯಾಹ್ನ ಮಂಡ್ಯದಲ್ಲಿದ್ದಾಗ ಗೊತ್ತಿಲ್ಲದ ನಂಬರಿಂದ ಫೋನು. ನಾನು ಫೋನು ಎತ್ತುವವನಲ್ಲ. ಸಿದ್ದೇಶನ ಕೈಗೆ ಕೊಟ್ಟೆ. ಮಾತಾಡಿ ಇಟ್ಟು ಹೇಳಿದ: "ಅಣ್ಣ, ನಿಮ್ಮೂರ್ ಸ್ಕೂಲಿನ ಎಚ್ಚೆಮ್ಮು ಇಂದ್ರಮ್ಮ ಅಂತೆ. ಹಾಜರಿ ಪುಸ್ತಕ ನೋಡಿದ್ರಂತೆ. ನಿಮ್ಮುಡ್ಗಿ ಅನ್ನೊಂದು ದಿನದಿಂದ ಸ್ಕೂಲಿಗೇ ಬಂದಿಲ್ವಂತಲ್ಲಣ್ಣ."

ಹನ್ನೊಂದು ದಿನ. ಬೆಳಿಗ್ಗೆ ಡ್ಯೂಟಿ ಇಲ್ಲದ ದಿನ ಗೇಟಿನವರೆಗೂ ಬಿಟ್ಟವನು ನಾನೇ. ಹಾಗಾದರೆ ಗೇಟಿನಿಂದ ಎಲ್ಲಿಗೆ ಹೋಗುತ್ತಿದ್ದಳು? ನಾಲೆ ಕಡೆಗಾ? ಕಬ್ಬಿನ ಗದ್ದೆಗಾ? ಯಾರ ಜೊತೆ? ಮಳವಳ್ಳಿ ಮುಟ್ಟುವವರೆಗೂ ತಲೆಯಲ್ಲಿ ಏನೇನು ಓಡಿತೋ ಬರೆಯುವುದಿಲ್ಲ.

ಮನೆಗೆ ಬಂದಾಗ ಯೂನಿಫಾರಂನಲ್ಲೇ ಕೂತು ಮುದ್ದೆ ಉಣ್ಣುತ್ತಿದ್ದಳು. ಒಂದು ತಿಂಗಳಾದ ಮೇಲೆ ನಾನು ಅವಳ ಹತ್ತಿರ ಬಾಯಿ ಬಿಟ್ಟೆ.

"ಎ... ಎಲ್ಲಿಗೋಗ್ತಿದ್ದೆ?"

ನಾನು ಮಾತಾಡಿದ್ದೇ ಅವಳಿಗೆ ಗಾಬರಿ. "ನಾ... ನಾ... ನಾನು ಸ್... ಸ್..." ಕಣ್ಣು ಮುಚ್ಚಿತು, ತೊಡೆಗೆ ಕೈ ಬಡಿಯಿತು, ಮಾತು ಬರಲಿಲ್ಲ.

ಸುಳ್ಳು ಹುಡುಕುತ್ತಿದ್ದಾಳೆ ಅನ್ನಿಸಿತು. ನನಗೆ! ಹುಟ್ಟಾ ಉಗ್ಗುವ ನನಗೆ ಅದು ಸುಳ್ಳು ಹುಡುಕುವವರ ತಡವರಿಕೆಯ ಹಾಗೆ ಕಂಡಿತು. ಕೆನ್ನೆಗೆ ಹೊಡೆದೆ. ತಟ್ಟೆ ಉರುಳಿತು. ಅವಳು ಅಳಲಿಲ್ಲ. ಚೆಲ್ಲಿದ ಸಾರನ್ನು ಕೈಯಲ್ಲಿ ಬಳಿದು ತಟ್ಟೆಗೆ ಹಾಕತೊಡಗಿದಳು.

ಜುಲೈ 18, ಶುಕ್ರವಾರ

ನಾಳೆ ಮೊದಲರ್ಧ ರಜೆ ಕೇಳಿದ್ದೇನೆ. ಸ್ಕೂಲಿಗೆ ಹೋಗಬೇಕು.

ಜುಲೈ 19, ಶನಿವಾರ

ಹೋಗಿದ್ದೆ.

ಹೆಡ್‌ಮಿಸ್ಟ್ರೆಸ್ ಇಂದ್ರಮ್ಮ ಮೇಡಂ ಎರಡು ಸ್ಕೂಲು ನೋಡಿಕೊಳ್ಳುತ್ತಾರೆ, ವಾರಕ್ಕೆ ಮೂರು ದಿನ ಇಲ್ಲಿಗೆ ಬರುತ್ತಾರೆ. ಐವತ್ತು ದಾಟಿದ ಹೆಂಗಸು. ಹಾಜರಿ ಪುಸ್ತಕ ತೆಗೆದು ತೋರಿಸಿದರು. ನಾಗಶ್ರೀ ಹೆಸರಿನ ಮುಂದೆ ಸಾಲಾಗಿ ಕೆಂಪು ಶಾಯಿಯ ಗೈರು. ಕ್ಲಾಸ್ ಮೇಷ್ಟ್ರು ಶಶಿಧರ್ ಅವರನ್ನು ಕರೆಸಿದರು. ಈ ವರ್ಷ ಹೊಸದಾಗಿ ಬಂದವರು, ಇನ್ನೂ ಮೂವತ್ತಾಗಿರಲಿಕ್ಕಿಲ್ಲ.

"ಬರ್ತಾಳಲ್ಲ ಮೇಡಂ, ದಿನಾ ಬರ್ತಾಳೆ," ಅಂದರು ಶಶಿಧರ್. "ಹೆಸರು ಕರೆದ್ರೆ ಬಾಯಿ ಬಿಡಲ್ಲ. ಎದ್ದು ನಿಂತ್ಕೊಂಡು ನೆಲ ನೋಡ್ತಾಳೆ, ಮಕ್ಕಳೆಲ್ಲಾ ನಗ್ತಾರೆ. ಎಸ್ ಸಾರ್ ಅನ್ನೋವರೆಗೂ ನೀನು ಆಬ್ಸೆಂಟೇ ಅಂತ ಹೇಳಿದ್ದೀನಿ. ಹಠ ಬಿಡಿಸಬೇಕಲ್ಲ."

ಮೇಡಂ ಪುಸ್ತಕ ಮುಚ್ಚಿದರು. "ಕೂತಿರೋ ಮಗೂಗೆ ಗೈರು ಹಾಕಿದ್ದೀರಾ? ಇದನ್ನ ನನಗೆ ಹೇಳಲೇ ಇಲ್ಲವಲ್ಲ ಶಶಿಧರ್."

ಹನ್ನೊಂದು ದಿನ ನನ್ನ ಮಗಳು ಕ್ಲಾಸಿನಲ್ಲಿ ಕೂತಿದ್ದಳು, ಇಲ್ಲದವಳ ಹಾಗೆ. ಅದನ್ನೇ ಹೇಳಲು ಹೊರಟಿದ್ದಳು. ನಾನು ಹೊಡೆದೆ.

ಅದು ಹಠ ಅಲ್ಲ ಸಾರ್, ಅನ್ನಬೇಕಿತ್ತು. ಇಷ್ಟೇ. "ಅ..." ಅಂತ ಶುರುಮಾಡಿದೆ. ಗಂಟಲಲ್ಲಿ ಬಾಗಿಲು ಹಾಕಿಕೊಂಡಿತು. ಮೇಷ್ಟ್ರು ನನ್ನ ಬಾಯನ್ನೇ ನೋಡಿದರು. "ಅಡ್ಮಿಷನ್ನಾ? ಬೇರೆ ಸ್ಕೂಲಿಗೆ ಹಾಕ್ತೀರಾ?" ಅಂದರು. ಅಲ್ಲ ಅಂತ ತಲೆ ಆಡಿಸಿದೆ. "ಅ... ಅ..." "ಅವಳಿಗೆ ಹೊಡೀಬೇಡಿ ಅಂತೀರಾ? ನಾನು ಮುಟ್ಟಿಲ್ಲ ಸಾರ್." ಅದೂ ಅಲ್ಲ. ಅವರ ಮುಖದಲ್ಲಿ ಏನೋ ಹೊಳೆದ ಹಾಗಾಯಿತು. ಇವನ ಮಗಳಾ, ಸರಿ ಬಿಡು ಅನ್ನುವ ಹಾಗೆ. ಆ ಮುಖ ನನಗೆ ಗೊತ್ತು. ತಲೆ ಎತ್ತಿದರೆ ಕಿಟಕಿಯ ಆ ಕಡೆ ನಾಗಶ್ರೀ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು.

ಎದ್ದು ಹೊರಗೆ ಬಂದೆ. ಮೇಡಂ ಗೇಟಿನವರೆಗೂ ಹಿಂದೆಯೇ ಬಂದರು. ಒಂದು ಚೀಟಿಯಲ್ಲಿ ತಮ್ಮ ನಂಬರು ಬರೆದುಕೊಟ್ಟರು. "ಗೈರುಗಳನ್ನೆಲ್ಲ ನಾನು ಸರಿ ಮಾಡ್ತೀನಿ. ನೀವು ಹೇಳಬೇಕು ಅಂತಿದ್ದದ್ದನ್ನ ಯಾವಾಗ ಆಗುತ್ತೋ ಆವಾಗ ಬಂದು ಹೇಳಿ. ನನಗೇನೂ ಅವಸರ ಇಲ್ಲ."

ಮಧ್ಯಾಹ್ನ ಮಗಳು ಬಂದಾಗ ತಲೆ ಸವರಲು ಹೋದೆ. ತಲೆ ಹಿಂದಕ್ಕೆಳೆದುಕೊಂಡಳು.

ಜುಲೈ 21, ಸೋಮವಾರ

ಹನಕೆರೆಯಲ್ಲಿ ನಿಲ್ಲಿಸುವುದನ್ನೇ ಮರೆತೆ. ಸಿದ್ದೇಶ್ ಎರಡು ಸಲ ವಿಷಲ್ ಊದಿದನಂತೆ. ನನಗೆ ಕೇಳಿಸಲಿಲ್ಲ. ಫರ್ಲಾಂಗು ಮುಂದೆ ಹೋಗಿ ನಿಲ್ಲಿಸಿದೆ. ತಲೆ ಮೇಲೆ ಮೂಟೆ ಹೊತ್ತ ಒಬ್ಬ ಮುದುಕಿ ಇಳಿಯುವಾಗ ನನ್ನ ವಂಶವನ್ನೆಲ್ಲಾ ಎಣಿಸಿ ಬೈದಳು.

ಮದ್ದೂರಿನಲ್ಲಿ ನಿಂತಾಗ ಸಿದ್ದೇಶ್ ಕೇಳಿದ, "ಏನಾಯ್ತಣ್ಣ? ಮನೇಲೇನಾರ ತೊಂದ್ರೆನಾ?" ಹೇಳಿದೆ. ಹೊಡೆದದ್ದನ್ನೂ ಹೇಳಿದೆ. ಸ್ಟ್ಯಾಂಡಿನಲ್ಲಿ ಗಾಡಿ ನಿಂತಷ್ಟು ಹೊತ್ತೂ ಬೇಕಾಯಿತು.

ಆಗಸ್ಟ್ 5, ಮಂಗಳವಾರ

ಒಂದೊಂದಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಕಲಸಿಹೋಗುತ್ತದೆ.

ಮಧ್ಯಾಹ್ನ ಹನ್ನೆರಡು ನಲವತ್ತು, ಮಂಡ್ಯ ಸ್ಟ್ಯಾಂಡು. ಇಂದ್ರಮ್ಮ ಮೇಡಂ ಫೋನು. ಅವರ ನಂಬರು ಇದ್ದದ್ದರಿಂದ ಎತ್ತಿದೆ. "ನೀವು ಮಾತಾಡ್ಬೇಕಿಲ್ಲ ಸಿದ್ದರಾಜು, ಕೇಳಿಸ್ಕೊಳ್ಳಿ. ನಿಮ್ಮ ತಾಯಿ ಬಂದು ನಾಗಶ್ರೀನ ಕ್ಲಾಸಿಂದ ಕರ್ಕೊಂಡು ಹೋಗಿದ್ದಾರೆ. ನಾನು ಆ ಇನ್ನೊಂದು ಸ್ಕೂಲಲ್ಲಿದ್ದೆ. ಬರೆ ಹಾಕಿಸ್ತಾರೆ ಅಂತ ಅವಳ ಗೆಳತಿ ಚಂದನಾ ಅಳ್ತಾ ಹೇಳಿದಳಂತೆ. ಇದು ನಿಮಗೆ ಗೊತ್ತಿದೆಯಾ?"

"ಇಲ್ಲ" ಅಂದೆ.

ಆಷಾಢ ಕಳೆದಿತ್ತು. ಅವ್ವ ಅಂದ ಮಾತನ್ನು ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ. ಪುಟ್ಟಮಣಿಗೆ ಹೇಳೋಣವೆಂದರೆ ಗಾರ್ಮೆಂಟ್ಸ್ ಒಳಗೆ ಫೋನು ಬಿಡುವುದಿಲ್ಲ. ನಾನು ಐವತ್ತು ಕಿಲೋಮೀಟರ್ ದೂರದಲ್ಲಿದ್ದೇನೆ. ಹೊರಡಲು ಎಂಟು ನಿಮಿಷ ಇದೆ.

ಅವ್ವನಿಗೆ ಫೋನು ಮಾಡಿದೆ. "ಅಲೋ... ಅಲೋ... ಯಾರ್ಲಾ ಅದು?" "ಅ... ಅ..." ಅನ್ನುವುದರೊಳಗೆ ಕಟ್ಟಾಯಿತು.

ಮತ್ತೆ ಮಾಡಿದೆ. "ಸಿದ್ರಾಜ? ಏನೂ ಕೇಳ್ಸಕಿಲ್ಲ ಕಣಪ್ಪ. ಸಂದ್ಯಾಕೆ ಬಾ, ಯೋಳ್ತೀನಿ." ಇಟ್ಟುಬಿಟ್ಟಳು.

ಸಿದ್ದೇಶ್ ಕೈ ಚಾಚಿದ. "ಕೊಡಣ್ಣ, ನಾನ್ ಯೋಳ್ತೀನಿ." ಕೊಡಲು ಕೈ ಮುಂದೆ ಮಾಡಿದ್ದೆ ಕೂಡ. ಕೊಡಲಿಲ್ಲ. ನನ್ನ ಮಗಳ ಕುತ್ತಿಗೆಗೆ ಕಬ್ಬಿಣ ಬೀಳುವಾಗಲೂ ಬೇರೆಯವನ ಬಾಯಿ ಬೇಕಾ ಅನ್ನಿಸಿತು. ಅವನು ಹೇಳಿದರೆ ಅವ್ವ ಕೇಳುವವಳೂ ಅಲ್ಲ.

ಮೂರನೇ ಸಲ ತುಂಬಾ ಹೊತ್ತು ರಿಂಗಾಯಿತು. ಆಮೇಲೆ, "ಅ... ಅಪ್ಪ?"

ನಾಗಶ್ರೀ ಎತ್ತಿದ್ದಳು. ಅವಳ ಹಿಂದಿನಿಂದ ಯಾರೋ ಹೇಳುವುದು ಕೇಳಿಸಿತು: "ಕಡ್ಡಿ ಇನ್ನೊಸಿ ಕೆಂಪಾಗ್ಲಿ."

ಬಾಯಿ ತೆರೆದೆ. "ಬ..." ತುಟಿ ಅಂಟಿಕೊಂಡಿತು. ಬಿಡಿಸಲು ಆಗಲೇ ಇಲ್ಲ. ಫೋನು ಇಟ್ಟುಬಿಡುತ್ತಾಳೆ, ಎಲ್ಲರ ಹಾಗೆ ಅಲೋ ಅಲೋ ಅಂದು ಇಟ್ಟುಬಿಡುತ್ತಾಳೆ ಅನ್ನಿಸಿತು. ಅವಳು ಇಡಲಿಲ್ಲ. ಅವಳ ಉಸಿರು ಕೇಳಿಸುತ್ತಿತ್ತು.

"ಅಪ್ಪ, ನಾ... ನಾನು ಮಡಗಕಿಲ್ಲ. ನೀನು ಯೋಳು."

ಗಾಡಿ ಹೊರಡುವ ಟೈಮು ನೋಡುವ ಕಂಟ್ರೋಲರ್ ಬಂದು ಬಾನೆಟ್ ತಟ್ಟಿದ. ಸಿದ್ದೇಶ್ ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋದ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ.

"ಬ... ಬ್ಯಾಡ," ಅಂದೆ. "ಬ್ಯಾಡ ಅನ್ನು. ನ... ನಮ್ಮಪ್ಪ ಬ್ಯಾಡ ಅಂದವ್ರೆ ಅನ್ನು. ಗ... ಗಟ್ಟಿಯಾಗನ್ನು."

ಅವಳು ಫೋನನ್ನು ಕಿವಿಯಿಂದ ದೂರ ಹಿಡಿದಿರಬೇಕು. ದೂರದಲ್ಲಿ ಅವಳ ದನಿ: "ನ... ನ... ನ... ನಮ್ಮಪ್ಪ ಬ್ಯಾಡ ಅಂದವ್ರೆ!"

ಅವ್ವ ಕೂಗಾಡಿದಳು. "ಅವನಿಗೇನ್ ಗೊತ್ತು, ಬರೆ ಎಳೀರಿ ನೀವು!" ಆಮೇಲೆ ಒಂದು ಗಂಡಸಿನ ದನಿ, ಚಿಕ್ಕಮಾದುವೇ ಇರಬೇಕು: "ಎತ್ತ ಅಪ್ಪನೇ ಬ್ಯಾಡ ಅಂದ್ಮೇಲೆ ನಾನ್ ಮುಟ್ಟಕಿಲ್ಲ ಕಣಮ್ಮೋ. ಕರ್ಕಂಡೋಗಿ."

ಗಾಡಿ ಒಂಬತ್ತು ನಿಮಿಷ ತಡವಾಗಿ ಹೊರಟಿತು. ಯಾಕೆ ತಡ ಅಂತ ಕಂಟ್ರೋಲರ್ ಕೇಳಿದ. ಕಾರಣ ಹೇಳಿದೆ. ಬರೆದುಕೊಂಡ.

ಆಗಸ್ಟ್ 6, ಬುಧವಾರ

ಅವ್ವ ಬೆಳಗಿನಿಂದ ನನ್ನ ಜೊತೆ ಮಾತಾಡುತ್ತಿಲ್ಲ. "ಅವ್ವ, ನ... ನಂಗೆ ಹಾಕಿಸಿದ್ಯಲ್ಲ, ಏನಾಯ್ತು?" ಅಂತ ಕೇಳಿದೆ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು. "ನಂಗೇನ್ ನಿನ್ ಮ್ಯಾಲೆ ಅಗೆತನ ಇತ್ತೇನ್ಲಾ" ಅಂದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಡ್ಯೂಟಿಗೆ ಬಂದೆ.

ಆಗಸ್ಟ್ 13, ಬುಧವಾರ

ಇಂದ್ರಮ್ಮ ಮೇಡಂ ಚೀಟಿ ಬರೆದುಕೊಟ್ಟಿದ್ದರು. ಪುಟ್ಟಮಣಿ ರಜೆ ಹಾಕಿದಳು. ಮೂವರೂ ಮಂಡ್ಯದ ದೊಡ್ಡಾಸ್ಪತ್ರೆಗೆ ಹೋದೆವು. ಮಾತಿನ ತೊಂದರೆ ನೋಡುವ ಡಾಕ್ಟರಮ್ಮ ಅಂತ ಒಬ್ಬರಿದ್ದಾರೆ. ಇಷ್ಟು ವರ್ಷದಿಂದ ಆ ಆಸ್ಪತ್ರೆ ಮುಂದೆ ಗಾಡಿ ಓಡಿಸಿದ್ದೇನೆ, ಅಂಥವರು ಇರುತ್ತಾರೆ ಅಂತಲೇ ಗೊತ್ತಿರಲಿಲ್ಲ.

ಮಗಳ ಜೊತೆ ಚಿತ್ರ ತೋರಿಸಿ ಅರ್ಧ ಗಂಟೆ ಮಾತಾಡಿದರು. ಆಮೇಲೆ ನನ್ನನ್ನು ಮಾತಾಡಿಸಿದರು. ಎಲ್ಲಿಯೂ ನನ್ನ ಮಾತನ್ನು ಮುಗಿಸಲಿಲ್ಲ. ಮನೆಯಲ್ಲಿ ಹೇಗಿದ್ದೀರಿ ಅಂತ ಕೇಳಿದಾಗ ಪುಟ್ಟಮಣಿಯೇ ಹೇಳಿದಳು, ಇವರು ಮಾತು ನಿಲ್ಲಿಸಿದ್ದಾರೆ, ನಾನೇ ಹೇಳಿದ್ದೆ ಅಂತ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದು ಕೇಳಿ ಅಂಟೋದಲ್ಲಮ್ಮ. ಕೆಲವು ಮನೆತನದಲ್ಲಿ ಬರುತ್ತೆ, ಕಣ್ಣಿನ ಬಣ್ಣ ಬಂದಹಾಗೆ. ಅಪ್ಪನ ಮಾತು ಕೇಳಿದ್ದಕ್ಕೆ ಬಂದಿಲ್ಲ, ಅಪ್ಪ ಬಾಯಿ ಮುಚ್ಚಿಕೊಂಡ್ರೆ ಹೋಗೋದೂ ಇಲ್ಲ. ಅವಳ ಜೊತೆ ಮಾತಾಡಿ. ಅವಳು ನಿಂತಾಗ ನಿಧಾನ ನಿಧಾನ ಅನ್ನಬೇಡಿ, ಅವಳ ಮಾತು ನೀವು ಆಡಬೇಡಿ. ಬರುವವರೆಗೂ ಕಾಯಿರಿ, ಅಷ್ಟೇ." ಪೂರ್ತಿ ಹೋಗುತ್ತಾ ಅಂತ ಕೇಳಿದೆ. ಹೋಗಬಹುದು, ಹೋಗದೆಯೂ ಇರಬಹುದು, ಅವಳು ಮಾತು ಬಿಡದಿರುವುದು ಮುಖ್ಯ ಅಂದರು. ಪ್ರತಿ ಬುಧವಾರ ಕರೆದುಕೊಂಡು ಬರಬೇಕು.

ಹೊರಗೆ ಬೆಂಚಿನ ಮೇಲೆ ಪುಟ್ಟಮಣಿ ಅತ್ತಳು. ಲೆಕ್ಕ ಹಾಕಿದೆ. ನಾನು ಸರಿ ಅಂದ ಸಂಜೆಯಿಂದ ಐವತ್ತೆಂಟು ದಿನ.

ಆಗಸ್ಟ್ 17, ಭಾನುವಾರ

ಜಗಲಿ ಮೇಲೆ ನಾನೂ ನಾಗಶ್ರೀಯೂ ಕಡ್ಲೆಕಾಯಿ ಬಿಡಿಸುತ್ತಾ ಕೂತಿದ್ದೆವು. ನಾಲ್ಕು ದಿನದಿಂದ ಮಾತಾಡಿಸುತ್ತಿದ್ದೇನೆ. ಹೂಂ ಉಹೂಂ ಬಿಟ್ಟರೆ ಬೇರೆ ಉತ್ತರ ಬಂದಿರಲಿಲ್ಲ. ಇವತ್ತು ಅವಳಾಗಿಯೇ ಕೇಳಿದಳು.

"ಅಪ್ಪ, ನೀ... ನೀನು ಯಾ... ಯಾ..."

ಕಾದೆ. ಎರಡು ಕಡ್ಲೆಕಾಯಿ ಬಿಡಿಸಿದೆ.

"ಯಾಕೆ ಮಾತು ಬುಟ್ಟಿದ್ದೆ?"

ಇದ್ದದ್ದನ್ನು ಹೇಳಿದೆ. ನನ್ನಿಂದ ನಿನಗೆ ಅಂಟಿತು ಅಂದುಕೊಂಡಿದ್ದೆ, ಸುಮ್ಮನಿದ್ದರೆ ನಿನಗೆ ವಾಸಿಯಾಗುತ್ತದೆ ಅಂದುಕೊಂಡಿದ್ದೆ ಅಂತ. ತುಂಬಾ ಹೊತ್ತು ಹಿಡಿಯಿತು. ಅವಳು ಬಾಯಿಗೆ ಹಾಕಿಕೊಳ್ಳಲು ಎತ್ತಿದ ಬೀಜವನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

"ನಾ... ನಾನು ಇಂಗ್ ಮಾತಾಡ್ತೀನಿ ಅಂತ ನಿಂಗೆ ನಾ... ನಾಚ್ಕೆ ಅನ್ಕಂಡಿದ್ದೆ," ಅಂದಳು.

ಹೊಡೆದದ್ದು ನನ್ನದೇ ತಪ್ಪು, ನೀನು ಹೇಳುತ್ತಿದ್ದದ್ದು ನಿಜ, ನಾನು ಕಾಯಲಿಲ್ಲ ಅಂದೆ.

"ಇನ್ನೊಂದ್ಸಲ ಒಡೀತೀಯಾ?"

"ಇಲ್ಲ."

"ನಾನು ಸು... ಸುಳ್ ಯೋಳಿದ್ರೂ?"

"ಯೋಳಿದ್ರೂ."

ಯೋಚನೆ ಮಾಡಿದಳು. ಬಿಡಿಸಿದ ಬೀಜವನ್ನೆಲ್ಲ ತಾನೇ ತಿಂದಳು, ನನಗೆ ಒಂದೂ ಕೊಡಲಿಲ್ಲ. ಕೇಳಲಿಲ್ಲ ನಾನೂ. ಎದ್ದು ಹೋಗುವಾಗ ಮಾತ್ರ ನನ್ನ ಹೆಗಲು ಹಿಡಿದುಕೊಂಡು ಎದ್ದಳು.

ಆಗಸ್ಟ್ 23, ಶನಿವಾರ

ಸ್ಕೂಲಿಗೆ ಹೋದೆ. ಇಂದ್ರಮ್ಮ ಮೇಡಂ, ಶಶಿಧರ್ ಮೇಷ್ಟ್ರು, ನಾನು. ಡಾಕ್ಟರಮ್ಮ ಕೊಟ್ಟ ಕಾಗದ ಜೇಬಿನಲ್ಲಿತ್ತು. ಅದನ್ನು ಕೊಟ್ಟು ಬಂದುಬಿಡಬಹುದಿತ್ತು.

"ಅ... ಅ... ಅದು ಹಠ ಅಲ್ಲ ಸಾರ್." ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು, ಮೇಡಂ ಕೈ ಎತ್ತಿ ತಡೆದರು. ಮುಂದುವರಿಸಿದೆ. ಹೆಸರು ಕರೆದ ತಕ್ಷಣ ಗಂಟಲಲ್ಲಿ ಏನಾಗುತ್ತದೆ, ಎಲ್ಲರೂ ತಿರುಗಿ ನೋಡಿದರೆ ಏನಾಗುತ್ತದೆ, ಮೂವತ್ತು ವರ್ಷದ ಹಿಂದೆ ಇದೇ ಸ್ಕೂಲಿನಲ್ಲಿ ನಾನು ಯಾಕೆ ಕೊನೆ ಬೆಂಚು ಹುಡುಕಿಕೊಂಡೆ, ಎಲ್ಲ ಹೇಳಿದೆ. ಎರಡು ನಿಮಿಷದ ಮಾತಿಗೆ ಇಪ್ಪತ್ತು ನಿಮಿಷ ಆಯಿತು. ಹೊರಗೆ ಊಟದ ಗಂಟೆ ಹೊಡೆಯಿತು, ಮಕ್ಕಳು ತಟ್ಟೆ ಬಡಿದುಕೊಂಡು ಓಡಿದರು. ಒಳಗೆ ಯಾರೂ ಏಳಲಿಲ್ಲ.

"ಎರಡು ಕ್ಲಾಸು ಒಟ್ಟಿಗೆ ಕೂರಿಸ್ಕೊಂಡಿದ್ದೀನಿ ಸಾರ್, ನಲವತ್ತೆಂಟು ಮಕ್ಕಳು," ಅಂದರು ಮೇಷ್ಟ್ರು. "ಗಟ್ಟಿ ಹಿಡಿದ್ರೆ ಬಾಯಿ ಬಿಡ್ತಾಳೆ ಅಂದ್ಕೊಂಡೆ. ನನಗೂ ಹಾಗೇ ಕಲಿಸಿದ್ದು. ಈಗ ಏನ್ ಮಾಡ್ಲಿ ಹೇಳಿ."

"ತ... ತಲೆ ಎತ್ತಿ ನೋಡಿ ಸಾರ್. ಕೂತವಳೋ ಇಲ್ವೋ ಕಾಣ್ತದೆ."

ಅವರ ಮುಖ ಕೆಂಪಾಯಿತು. ಆಗಲಿ ಅಂತ ತಲೆ ಆಡಿಸಿದರು.

ಸೆಪ್ಟೆಂಬರ್ 4, ಗುರುವಾರ

ಮೇಷ್ಟ್ರು ಈಗ ಎಲ್ಲರ ಮುಖ ನೋಡಿಯೇ ಹಾಜರಿ ಹಾಕುತ್ತಾರಂತೆ. ಕೆಲವು ದಿನ ಎಸ್ ಸಾರ್ ಅನ್ನುತ್ತಾಳೆ, ಕೆಲವು ದಿನ ಕೈ ಎತ್ತುತ್ತಾಳೆ.

ಉಗ್ಗಿ ಅಂತ ಅಣಕಿಸಿದ್ದಕ್ಕೆ ನಮ್ಮ ಬೀದಿಯ ಲಿಂಗಯ್ಯನ ಮೊಮ್ಮಗನ ಕೈ ಕಚ್ಚಿದ್ದಾಳೆ. ಲಿಂಗಯ್ಯ ಮನೆ ಬಾಗಿಲಿಗೆ ಬಂದು ಜಗಳ ತೆಗೆದ. ನಾನೂ ಬಿಡಲಿಲ್ಲ. ಆಮೇಲೆ ಮಗಳಿಗೆ, ಕಚ್ಚಬಾರದು ಅಂತ ಹೇಳಿದೆ. ಬಾಯಿಗೆ ಮಾತು ಬರೋದ್ರೊಳಗೆ ಹಲ್ಲು ಬಂತು ಅಂದಳು.

ಸೆಪ್ಟೆಂಬರ್ 17, ಬುಧವಾರ

ಸುಮಾರು ದಿನವಾಯಿತು ಈ ಪುಸ್ತಕ ತೆಗೆದು. ಈಗ ಮಂಡ್ಯದಲ್ಲಿ ಗಾಡಿ ನಿಂತರೆ ಸಿದ್ದೇಶನ ಜೊತೆ ಟೀಗೆ ಹೋಗಿಬಿಡುತ್ತೇನೆ, ಬರೆಯಲು ಟೈಮೇ ಸಿಗುತ್ತಿಲ್ಲ.

ಪುಟ್ಟಮಣಿಗೆ ಪ್ರತಿ ಬುಧವಾರ ರಜೆ ಸಿಗುವುದಿಲ್ಲ. ಆದ್ದರಿಂದ ಇವತ್ತು ಅವ್ವನೇ ನಾಗಶ್ರೀಯನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೊರಟಳು, ನನ್ನ ಗಾಡಿಯಲ್ಲೇ. ಅಜ್ಜಿ ಮೊಮ್ಮಗಳು ನನ್ನ ಹಿಂದಿನ ಸೀಟು. ಅವ್ವನಿಗೆ ಡಾಕ್ಟರಮ್ಮನ ಮೇಲೆ ಇನ್ನೂ ಪೂರ್ತಿ ನಂಬಿಕೆ ಇಲ್ಲ. "ಬರೀ ಮಾತಾಡ್ಸದಕ್ಕೆ ಆಸ್ಪತ್ರೆ ಯಾಕ್ಲಾ" ಅಂತ ಮಳವಳ್ಳಿಯಲ್ಲೇ ಒಂದು ಸಲ ಕೇಳಿದ್ದಳು.

ಮದ್ದೂರು ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತಿದ್ದೆವು. ಗಾಡಿ ತುಂಬಿತ್ತು. ನಾಗಶ್ರೀ ಎದ್ದು ನನ್ನ ಸೀಟಿನ ಕಂಬಿ ಹಿಡಿದುಕೊಂಡು, ನನ್ನ ತಲೆಯ ಮೇಲೆ ಬರೆದಿರುವುದನ್ನು ಜೋರಾಗಿ ಓದಲು ಶುರುಮಾಡಿದಳು.

"ಚಾ... ಚಾ... ಚಾಲಕರೊಂದಿಗೆ ಮಾ... ಮಾ..."

ಜನ ತಿರುಗಿ ನೋಡಿದರು. ನಾನು ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದೆ. ಪಕ್ಕದ ಸೀಟಿನಲ್ಲಿದ್ದವನೊಬ್ಬ ಒಳ್ಳೆಯ ಮನಸ್ಸಿನಿಂದಲೇ ಇರಬೇಕು, "ಮಾತನಾಡ..." ಅಂತ ಎತ್ತಿಕೊಡಲು ಹೋದ.

ಅವ್ವ ಅವನ ಕಡೆ ತಿರುಗಿದಳು. "ಅವಳು ಓದ್ತಾವಳೆ, ಸುಮ್ಕಿರಯ್ಯ! ನಿಂಗೇನ್ ಅರ್ಜೆಂಟು?"

ಸಿದ್ದೇಶ್ ಟಿಕೆಟ್ ಮಿಷಿನ್ ಹಿಡಿದುಕೊಂಡು ಬಾಗಿಲಲ್ಲೇ ನಿಂತ.

"ಮಾ... ಮಾತನಾಡಬೇಡಿ," ಅಂತ ಓದಿ ಮುಗಿಸಿದಳು ಮಗಳು. ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಬಗ್ಗಿ ನನ್ನ ಕಿವಿಯ ಹತ್ತಿರ ಕೇಳಿದಳು:

"ಅಪ್ಪ, ಇದು ಯಾ... ಯಾರ್ಗೆ ಬರ್ದಿರದು?"

"ನಿಂಗಲ್ಲ ಕಣವ್ವ," ಅಂದೆ.